ಕೂಮನ ಕಡೆಯ ಕರೆಂಟು

ಮಿಲಿಸಾವ್‌ಗೆ ಸಣ್ಣ ಕರೆಂಟು ಎಂದರೆ ತಾತ್ಸಾರ. ಪಾಂಚೆವೊ ಪಟ್ಟಣದ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮೋಟಾರುಗಳನ್ನು ನೋಡಿಕೊಂಡು ನಿವೃತ್ತನಾದ ಎಲೆಕ್ಟ್ರಿಷಿಯನ್ ಆತ. ಪ್ರಾಯದಲ್ಲಿ ಒಮ್ಮೆ ಮುನ್ನೂರ ಎಂಬತ್ತು ವೋಲ್ಟು ಹೊಡೆದು ಎಡಗೈಯ ಕಿರುಬೆರಳು ಸೊಟ್ಟಗಾಗಿತ್ತು. ಆ ಬೆರಳನ್ನು ಯುದ್ಧದಲ್ಲಿ ಗೆದ್ದ ಪದಕದ ಹಾಗೆ ಕಂಡವರಿಗೆಲ್ಲ ತೋರಿಸುತ್ತಿದ್ದ. “ಮುಟ್ಟಿದವನನ್ನ ಒದ್ದು ಬೀಳಿಸ್ಬೇಕು. ಅದಕ್ಕೆ ಕರೆಂಟು ಅನ್ನೋದು. ಮಿಕ್ಕಿದ್ದೆಲ್ಲ ಆಟದ ಸಾಮಾನು,” ಎನ್ನುತ್ತಿದ್ದ.

ಅಂಥವನ ಬದುಕು ಐದು ವೋಲ್ಟಿನ ಮುಂದೆ ಮಂಡಿಯೂರಿತು. ಊರಿನವರು ಇದನ್ನು ಹೇಳಿಕೊಂಡು ನಗುವುದುಂಟು. ಪೂರ್ತಿ ಗೊತ್ತಿದ್ದವರು ನಗುವುದಿಲ್ಲ.

ಗೋಡೆಯಾಚೆಯ ತಿಹೊಮಿರ್ ಅವನಿಗೆ ನೆರೆಯವನೂ ಹೌದು, ಕೂಮನೂ ಹೌದು. ಮದುವೆಯಲ್ಲಿ ಪಕ್ಕಕ್ಕೆ ನಿಂತು ಸಾಕ್ಷಿ ಹೇಳಿದವನು ಕೂಮ. ಒಡಹುಟ್ಟಿದವರ ಜೊತೆ ಜಗಳವಾಡಿದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಕೂಮನ ಜೊತೆ ಮಾತು ಬಿಟ್ಟರೆ ಮಾತ್ರ ಊರೇ ಪಿಸುಗುಡುತ್ತದೆ. ಇಬ್ಬರ ಮನೆಗಳೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಮಿಲಿಸಾವ್‌ನ ಬಾಗಿಲು ಒಂದು ಬೀದಿಗೆ, ತಿಹೊಮಿರ್‌ನದು ಹಿಂದಿನ ಬೀದಿಗೆ, ನಡುವೆ ಹಿತ್ತಿಲಿನ ಒಂದು ಇಟ್ಟಿಗೆ ಗೋಡೆ. ಬೀದಿ ಬೇರೆಯಾದ್ದರಿಂದ ಕರೆಂಟಿನ ಲೈನೂ ಬೇರೆ.

ಆ ಬೇರೆ ಲೈನೇ ತೊಂಬತ್ತರ ದಶಕದಲ್ಲಿ ಎರಡೂ ಸಂಸಾರಗಳನ್ನು ಕಾಪಾಡಿತು. ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದ ಕಾಲ ಅದು. ಈ ಬೀದಿಯಲ್ಲಿ ಕತ್ತಲಾದರೆ ಆ ಬೀದಿಯಲ್ಲಿ ಬೆಳಕು. ಮಿಲಿಸಾವ್‌ನ ಮನೆಯಲ್ಲಿ ಹುರುಳಿಯ ಸಾರು ಅರ್ಧ ಬೆಂದಿರುವಾಗ ಕರೆಂಟಿನ ಒಲೆ ಆರಿದರೆ ಅವನ ಹೆಂಡತಿ ಸ್ತಾನಿಕಾ ಚಮಚ ಹಿಡಿದು ಹಿತ್ತಿಲಿಗೆ ಓಡಿ ಗೋಡೆಗೆ ಟಕಟಕ ಎಂದು ಬಡಿಯುತ್ತಿದ್ದಳು. ಒಂದು ನಿಮಿಷದೊಳಗೆ ಗೋಡೆಯ ಮೇಲಿಂದ ವೈರಿನ ತುದಿ ಇಳಿದು ಬರುತ್ತಿತ್ತು. ಆ ಕಡೆ ಕತ್ತಲಾದ ದಿನ ಆ ಕಡೆಯಿಂದ ಬಡಿತ. ಯಾರೂ ಕೂಗುತ್ತಿರಲಿಲ್ಲ, ಕಾರಣ ಕೇಳುತ್ತಿರಲಿಲ್ಲ. ಬಡಿದರೆ ವೈರು ಬರಬೇಕು, ಅಷ್ಟೇ.

ಮಿಲಿಸಾವ್‌ನ ಪಾರಿವಾಳಗಳೂ ತಿಹೊಮಿರ್‌ನ ಕಡೆಯಿಂದಲೇ ಬಂದವು. ಮದುವೆಯ ದಿನ ಕೂಮ ಕೊಟ್ಟ ಉಡುಗೊರೆ ಒಂದು ಜೋಡಿ. ತನ್ನ ಅಪ್ಪನ ಗೂಡಿನಿಂದ ಅವನು ಆರಿಸಿ ತಂದದ್ದು, ಬಲು ಎತ್ತರಕ್ಕೆ ಹಾರುವ ತಳಿ. ಬೆಳಿಗ್ಗೆ ಬಿಟ್ಟರೆ ಚುಕ್ಕಿಯಾಗಿ, ಚುಕ್ಕಿಯೂ ಕರಗಿ, ಆಕಾಶದಲ್ಲೇ ದಿನ ಕಳೆದು ಸಂಜೆ ಇಳಿಯುವ ಹಕ್ಕಿಗಳು. ತಿಹೊಮಿರ್‌ಗೆ ಎದೆ ಕೆಟ್ಟು, ಗರಿಯ ಧೂಳು ಆಗದು ಎಂದು ವೈದ್ಯರು ಹೇಳಿದ ಮೇಲೆ ಅವನು ತನ್ನ ಗೂಡು ಮುಚ್ಚಿದ. ಆದರೆ ಕಣ್ಣು ಮುಚ್ಚಲಿಲ್ಲ. ತನ್ನ ಹಿತ್ತಿಲಲ್ಲಿ ಮಡಚುವ ಮಂಚ ಹಾಕಿಕೊಂಡು ಅಂಗಾತ ಮಲಗಿ ಕೂಮನ ಹಕ್ಕಿಗಳನ್ನು ನೋಡುತ್ತಿದ್ದ.

“ಏಳಿದಾವೆ ಕೂಮಾ, ಏಳೂ ಒಟ್ಟಿಗಿದಾವೆ,” ಎಂದು ಗೋಡೆಯಾಚೆಯಿಂದ ದನಿ ಬರುತ್ತಿತ್ತು.

“ನಿನ್ನ ಕನ್ನಡಕದ ಮೇಲೆ ನೊಣ ಕೂತಿರ್ಬೇಕು, ಒರೆಸ್ಕೊ.”

“ನೊಣಾನಾದ್ರೂ ನಿನ್ನ ಹಕ್ಕಿಗಿಂತ ಚೆನ್ನಾಗಿ ಹಾರುತ್ತೆ ಬಿಡು.”

ಇಂಥ ಹಕ್ಕಿಗಳಿಗೆ ಒಂದೇ ಗಂಡಾಂತರ, ಕತ್ತಲು. ಇಳಿಯುವ ಮೊದಲೇ ಮಬ್ಬಾದರೆ ಮನೆ ಯಾವುದೆಂದು ತಿಳಿಯದೆ ಎಲ್ಲೋ ಹೋಗಿ ಬೀಳುತ್ತವೆ. ಅದಕ್ಕೇ ಗೂಡಿನ ಮಾಡಿನ ಮೇಲೆ ದೀಪ ಬೇಕು. ಮರಿಯಾಗಿದ್ದಾಗಿನಿಂದ ಅದೇ ದೀಪ ಕಂಡು ಬೆಳೆದ ಹಕ್ಕಿ ಅದನ್ನು ನೋಡಿಯೇ ಇಳಿಯುತ್ತದೆ. ಯಾರದಾದರೂ ಹಕ್ಕಿಗಳು ಮಬ್ಬಿನಲ್ಲಿ ಮೇಲುಳಿದರೆ ನಮ್ಮ ಬೀದಿಯವರು ತಮ್ಮ ತಮ್ಮ ಅಂಗಳದ ದೀಪ ಆರಿಸಿಬಿಡುತ್ತಾರೆ, ಆಕಾಶಕ್ಕೆ ಒಂದೇ ಬೆಳಕು ಕಾಣಲಿ ಎಂದು. ಚುನಾವಣೆಯಲ್ಲಿ ಕೈ ಕೈ ಮಿಲಾಯಿಸಿದವರೂ ಈ ಒಂದು ವಿಷಯಕ್ಕೆ ಸ್ವಿಚ್ಚು ಒತ್ತುತ್ತಾರೆ.

ತಿಹೊಮಿರ್ ರೇಡಿಯೋ ರಿಪೇರಿಯವನು. ಅಂಗಡಿ ಮುಚ್ಚಿದರೂ ಬೆಸುಗೆಯ ಕಡ್ಡಿ ಬಿಟ್ಟವನಲ್ಲ. ಒಂದು ಭಾನುವಾರ ಹಳೆ ಸಾಮಾನಿನ ಸಂತೆಯಿಂದ ಅಂಗೈಯಗಲದ ಹಸಿರು ಹಲಗೆಯೊಂದನ್ನು ತಂದು ಗೋಡೆಯ ಮೇಲಿಟ್ಟ.

“ಏನಿದು, ಬಿಸ್ಕತ್ತಾ?” ಎಂದ ಮಿಲಿಸಾವ್.

“ಕಂಪ್ಯೂಟರ್ರು. ಪೂರ್ತಿ ಕಂಪ್ಯೂಟರ್ರು ಈ ಒಂದೇ ಹಲಗೆ ಮೇಲಿದೆ. ಮಬ್ಬಾದ್ರೆ ತಾನೇ ದೀಪ ಹಾಕುತ್ತೆ, ಗೂಡಿನ ಬಾಗಿಲು ತೆಗೆಯುತ್ತೆ. ಎಷ್ಟು ಹಕ್ಕಿ ಒಳಗೆ ಬಂದ್ವು ಅಂತ ನಿನ್ನ ಮೊಬೈಲಿಗೆ ಹೇಳುತ್ತೆ. ನಿನಗೇನು, ಕೂತಲ್ಲೇ ತೂಕಡಿಸೋ ಮನುಷ್ಯ.”

“ಎಷ್ಟು ವೋಲ್ಟು?”

“ಐದು.”

“ಐದು!” ಮಿಲಿಸಾವ್ ಸೊಟ್ಟ ಬೆರಳನ್ನು ಎತ್ತಿ ತೋರಿಸಿದ. “ಇದಕ್ಕೆ ಅವಮಾನ ಮಾಡ್ಬೇಡ.”

ಆದರೂ ಇಬ್ಬರೂ ಸೇರಿ ಅದನ್ನು ಗೂಡಿನ ಸೂರಿನಡಿ ಕೂರಿಸಿದರು. ಮಾಡಿನ ಮೇಲೆ ಸಣ್ಣ ಬಿಳಿ ದೀಪಗಳ ಒಂದು ಸಾಲು ಅದರ ಜೊತೆಗೇ ಉರಿಯುತ್ತಿತ್ತು. ಕರೆಂಟಿಗೆ ತಿಹೊಮಿರ್ ಹಳೆಯ ದಾರಿಯನ್ನೇ ಹಿಡಿದ. ಒಂದು ವೈರು ಮಿಲಿಸಾವ್‌ನ ಮನೆಯಿಂದ, ಇನ್ನೊಂದು ಗೋಡೆ ಹತ್ತಿ ತನ್ನ ಮನೆಯಿಂದ. ಎರಡಕ್ಕೂ ಒಂದೊಂದು ಅಡಾಪ್ಟರು, ಎರಡರ ದಾರಿಯಲ್ಲೂ ಒಂದೊಂದು ಡಯೋಡು. ಅದು ಒಂದೇ ಕಡೆಗೆ ತೆರೆಯುವ ಬಾಗಿಲಿದ್ದಂತೆ. ಒಬ್ಬರ ಮನೆಯ ಕರೆಂಟು ಇನ್ನೊಬ್ಬರ ಮನೆಗೆ ನುಗ್ಗುವಂತಿಲ್ಲ, ಹಲಗೆಗೆ ಮಾತ್ರ ಹರಿಯಬೇಕು.

“ಎರಡೂ ಒಟ್ಟಿಗೆ ಕೊಡಲ್ಲ,” ಎಂದು ತಿಹೊಮಿರ್ ಮೀಟರು ಹಿಡಿದು ತೋರಿಸಿದ. “ಯಾವುದರ ವೋಲ್ಟು ಜಾಸ್ತಿಯೋ ಅದು ಕೊಡುತ್ತೆ, ಇನ್ನೊಂದು ಸುಮ್ನಿರುತ್ತೆ. ನನ್ನ ಕಡೆದನ್ನ ಒಂದು ಚೂರು ಕಮ್ಮಿ ಇಟ್ಟಿದೀನಿ.”

“ಜಿಪುಣ! ಐದು ವೋಲ್ಟಲ್ಲೂ ಉಳಿತಾಯ ಮಾಡ್ತೀಯಲ್ಲೋ!”

“ಹೂಂ, ಜಿಪುಣನೇ. ನಿನ್ನದು ಇರೋವರೆಗೂ ನನ್ನದು ಕಾಯ್ತಾ ಇರುತ್ತೆ. ನಿನ್ನದು ಹೋದ ಗಳಿಗೇಲಿ ನನ್ನದು ಬರುತ್ತೆ. ದೀಪ ಕಣ್ಣು ಕೂಡ ಮಿಟುಕಿಸಲ್ಲ.”

ಅವನು ಹೇಳಿದಂತೆಯೇ ಆಯಿತು. ಕೊಶಾವಾ ಗಾಳಿ ಎದ್ದು ಕಂಬಗಳನ್ನು ಅಲ್ಲಾಡಿಸಿದಾಗೆಲ್ಲ ಮಿಲಿಸಾವ್‌ನ ಮನೆ ಕತ್ತಲಾಗುತ್ತಿತ್ತು, ಗೂಡಿನ ದೀಪ ಮಾತ್ರ ಉರಿಯುತ್ತಿತ್ತು. ಕೆಲವು ವರ್ಷ ಹಾಗೆಯೇ ನಡೆಯಿತು.

ಒಂದು ಮೇ ತಿಂಗಳಲ್ಲಿ, ಪಾರಿವಾಳ ಹಾರಿಸುವ ಪಂದ್ಯದ ದಿನ, ಸಂಘದಿಂದ ಬರಬೇಕಾದ ತೀರ್ಪುಗಾರ ಹೊಟ್ಟೆ ಕೆಟ್ಟು ಮಲಗಿದ. ತಿಹೊಮಿರ್‌ನ ಬಳಿ ಹಕ್ಕಿಗಳಿಲ್ಲ, ಕಣ್ಣು ಚುರುಕು, ಹಾಗಾಗಿ ಅವನೇ ಕೂರಲಿ ಎಂದರು. ಕೂಮನಿಗೆ ಕೂಮ ತೀರ್ಪು ಕೊಡುವುದೇ ಎಂದು ಒಂದಿಬ್ಬರು ಗೊಣಗಿದಾಗ ಎದೆ ತಟ್ಟಿದವನು ಮಿಲಿಸಾವ್‌ನೇ: “ನನ್ನ ಕೂಮ ಸತ್ತರೂ ಸುಳ್ಳು ಹೇಳೋನಲ್ಲ!”

ಹಕ್ಕಿಗಳು ಆ ದಿನ ಹಾರಿದಂತೆ ಮತ್ತೆಂದೂ ಹಾರಲಿಲ್ಲ. ಮಸಿಬಣ್ಣದ ಮುದಿ ಹೆಣ್ಣು ಗಾರಾ ಮುಂದೆ, ಉಳಿದ ಆರು ಅದರ ಬೆನ್ನಿಗೆ. ಇಡೀ ಜಿಲ್ಲೆಯಲ್ಲಿ ಮೊದಲ ಸ್ಥಾನ ಕೈಗೆ ಬಂದೇ ಬಿಟ್ಟಿತ್ತು. ಇಳಿಯುವ ಹೊತ್ತಿಗೆ ಎಳೆಯ ಗಂಡೊಂದು ಬೇಕರಿಯ ಚಿಮಣಿಯ ಮೇಲೆ ಕಾಲೂರಿತು. ಊರಿತೋ ಇಲ್ಲವೋ ಅನ್ನುವಷ್ಟರಲ್ಲಿ ಮತ್ತೆ ಹಾರಿತು. ಬೇರೆ ಕಡೆ ಕೂತರೆ ಇಡೀ ಗುಂಪು ಪಂದ್ಯದಿಂದ ಹೊರಗೆ, ಅದು ನಿಯಮ. ಕಂಡವನು ತಿಹೊಮಿರ್ ಒಬ್ಬನೇ. ಕಂಡದ್ದನ್ನು ಅವನು ಹೇಳಿದ.

“ಒಂದು ಗಳಿಗೆ ಕಣ್ಣು ಮುಚ್ಕೊಳ್ಳೋಕೆ ಆಗ್ಲಿಲ್ವೇನೋ ನಿಂಗೆ?” ಅಂಗಳದ ತುಂಬ ಜನ ನಿಂತಿರುವಾಗಲೇ ಮಿಲಿಸಾವ್ ಕೂಗಾಡಿದ.

“ಆಗ್ಲಿಲ್ಲ ಕೂಮಾ.”

“ಹೊಟ್ಟೆಕಿಚ್ಚು! ನಿನ್ನ ಗೂಡು ಖಾಲಿ ಆಯ್ತು ಅಂತ ನಂದೂ ಮಣ್ಣಾಗ್ಲಿ ಅಂತ!”

ತಿಹೊಮಿರ್ ಬೆಳ್ಳಗಾದ. ಬಾಯಿಂದ ಬಿದ್ದ ಗಳಿಗೆಯಲ್ಲೇ ಮಿಲಿಸಾವ್‌ಗೂ ಅದು ಹೆಚ್ಚಾಯಿತು ಎಂದು ಗೊತ್ತಾಯಿತು. ಆದರೆ ಎಲ್ಲರೂ ನೋಡುತ್ತಿದ್ದರು, ಅವನು ಮಾತು ನುಂಗುವ ಜಾತಿಯವನಲ್ಲ. ನೆಟ್ಟಗೆ ಗೂಡಿನ ಬಳಿ ಹೋಗಿ ಕೂಮನ ಕಡೆಯ ವೈರನ್ನು ಕಿತ್ತು, ಸುರುಳಿ ಸುತ್ತಿ ಗೋಡೆಯಾಚೆ ಎಸೆದ.

“ವೈರು ಇರ್ಲಿ ಮಿಲಿಸಾವ್. ನನ್ನನ್ನ ಬೈಕೊ, ವೈರು ಇರ್ಲಿ,” ಎಂದ ತಿಹೊಮಿರ್, ಎಲ್ಲರ ಎದುರಿಗೇ, ಮೆಲ್ಲನೆ.

“ನಿನ್ನ ಭಿಕ್ಷೆ ಬೇಡ.”

ಮರುದಿನವೇ ಮಿಲಿಸಾವ್ ತನ್ನ ಹಳೆಯ ಕಾರಿನ ಬ್ಯಾಟರಿಯನ್ನು ಗೂಡಿಗೆ ಹೊತ್ತು ತಂದ. ವೋಲ್ಟು ಇಳಿಸುವ ಸಣ್ಣ ಪೆಟ್ಟಿಗೆಯೊಂದನ್ನು ಸಿಕ್ಕಿಸಿ ಎರಡನೆಯ ಕಡೆಗೆ ಜೋಡಿಸಿದ. ಆ ಕಡೆಯ ಡಯೋಡು ಅವನ ಕಣ್ಣಿಗೆ ಕೂಮನ ಕುಚೋದ್ಯದಂತೆ ಕಂಡು ಅದನ್ನೂ ಕತ್ತರಿಸಿ ಹಾಕಿದ. ಬ್ಯಾಟರಿಯ ಕಡೆಯ ವೋಲ್ಟನ್ನು ಮನೆಯ ಕಡೆಯದಕ್ಕಿಂತ ಒಂದು ಚೂರು ಜಾಸ್ತಿಯೇ ಇಟ್ಟ. ನನ್ನ ಬ್ಯಾಟರಿ ಆ ಜಿಪುಣನ ಹಾಗಲ್ಲ, ಧಾರಾಳವಾಗಿ ಕೊಡಲಿ ಎಂದು. ತಿಂಗಳುಗಟ್ಟಲೆ ಬರುತ್ತದೆ ಎಂದು ಹೆಂಡತಿಗೆ ಹೇಳಿದ.

“ಕೂಮನ್ನ ಒಂದು ಮಾತು ಕೇಳ್ಬಾರ್ದಾ?” ಎಂದಳು ಸ್ತಾನಿಕಾ.

“ರೇಡಿಯೋ ರಿಪೇರಿಯವನಿಂದ ಕರೆಂಟು ಕಲಿಯೋಕೆ ನನಗೆ ಗ್ರಹಚಾರ ಬಂದಿಲ್ಲ.”

ಗ್ರಹಚಾರ ಸೆಪ್ಟೆಂಬರಿನಲ್ಲಿ ಬಂತು. ಬೆಳಿಗ್ಗೆ ತಿಳಿಯಾಗಿದ್ದ ದಿನ. ಮಧ್ಯಾಹ್ನ ದಾಟಿದ ಮೇಲೆ ಕೊಶಾವಾ ಎದ್ದಿತು. ಏಳೂ ಹಕ್ಕಿಗಳು ಮೇಲೆಯೇ ಉಳಿದವು. ಸಂಜೆಯಾಯಿತು, ಮಬ್ಬಾಯಿತು, ಬೀದಿಯವರು ಒಬ್ಬೊಬ್ಬರಾಗಿ ದೀಪ ಆರಿಸಿದರು. ಗೂಡಿನ ಮೇಲಿನ ಬಿಳಿ ಸಾಲು ತಾನೇ ಹೊತ್ತಿಕೊಂಡಿತು. ಹಕ್ಕಿಗಳು ಸುತ್ತು ಹಾಕುತ್ತ ಇಳಿಯತೊಡಗಿದವು. ಗಾರಾಳ ರೆಕ್ಕೆಯ ಬಡಿತ ಕಿವಿಗೆ ಬೀಳುವಷ್ಟು ಹತ್ತಿರ ಬಂದಿತ್ತು.

ಆಗ ಬೀದಿಯ ಕರೆಂಟು ಹೋಯಿತು, ಜೊತೆಗೇ ಗೂಡಿನ ದೀಪವೂ ಹೋಯಿತು.

ಮಿಲಿಸಾವ್ ಏಣಿ ಹತ್ತಿ ಬ್ಯಾಟರಿಯ ಕೊಂಡಿಗಳನ್ನು ಅಲ್ಲಾಡಿಸಿದ, ಒತ್ತಿದ, ಕೆಟ್ಟ ಮಾತಿನಲ್ಲಿ ಬೈದ. ಹಲಗೆ ಕಣ್ಣು ಬಿಡಲಿಲ್ಲ. ಟಾರ್ಚು ಹಿಡಿದು ಆಕಾಶಕ್ಕೆ ಬೀಸಿದಾಗ ಆ ಅಲ್ಲಾಡುವ ಬೆಳಕಿಗೆ ಹೆದರಿ ಹಕ್ಕಿಗಳು ಮತ್ತೆ ಮೇಲೆದ್ದವು. ಹಿಂದಿನ ಬೀದಿಯಲ್ಲಿ, ತಿಹೊಮಿರ್‌ನ ಕಡೆ, ಕರೆಂಟು ಇತ್ತು.

ಆ ಗಾಳಿಯ ನಡುವೆಯೇ ಗೋಡೆಯ ಮೇಲೆ ಸದ್ದಾಯಿತು. ಟಕಟಕ.

“ಯಾರೋ ಬಡೀತಿದಾರೆ ಕಣ್ರೀ,” ಎಂದಳು ಸ್ತಾನಿಕಾ ಏಣಿಯ ಬುಡದಿಂದ.

“ಗಾಳಿ.”

ಮತ್ತೆ ಟಕಟಕ. ಚಮಚದ ಸದ್ದು, ಆ ಮನೆಯವರಿಗೆ ತಮ್ಮ ಹೆಸರಿನಷ್ಟೇ ಪರಿಚಿತವಾದ ಸದ್ದು.

“ಗಾಳಿ ಅಲ್ಲ ಕಣ್ರೀ, ನಿಮಗೂ ಗೊತ್ತು!”

“ಗಾಳಿ ಅಂದ್ನಲ್ಲ! ಅಣಕಿಸ್ತಿದಾನೆ. ನನ್ನ ದೀಪ ಆರಿದ್ದು ನೋಡಿ ಅಣಕಿಸ್ತಿದಾನೆ.”

ಹತ್ತು ಹೆಜ್ಜೆ ನಡೆದು ಕೈ ಚಾಚಿದ್ದರೆ ಸಾಕಿತ್ತು. ಏಣಿಯ ಮೇಲಿನವನು ಇಳಿಯಲಿಲ್ಲ. ಸದ್ದು ಬಹಳ ಹೊತ್ತು ಕೇಳಿಸಿತು, ಆಮೇಲೆ ಕೆಮ್ಮಿನ ಸದ್ದು, ಆಮೇಲೆ ಬರೀ ಗಾಳಿ. ಹಕ್ಕಿಗಳನ್ನು ಗಾಳಿ ತಮಿಷ್ ನದಿಯ ಕಡೆ ಒಯ್ದಿತು. ಬೆಳಗಾದ ಮೇಲೂ ಒಂದು ವಾರ ಮಿಲಿಸಾವ್ ಸೈಕಲ್ಲಿನಲ್ಲಿ ದಂಡೆಯುದ್ದಕ್ಕೂ ಹುಡುಕಿದ. ಒಂದೂ ಸಿಗಲಿಲ್ಲ. ಮದುವೆಯ ಉಡುಗೊರೆಯಾಗಿ ಬಂದ ತಳಿ ಅಲ್ಲಿಗೆ ಮುಗಿಯಿತು.

ವಾರ ಕಳೆದು ಬ್ಯಾಟರಿಗೆ ಮೀಟರು ಹಿಡಿದಾಗ ಅವನಿಗೆ ಗೊತ್ತಾಯಿತು. ಅದು ಸತ್ತದ್ದು ಆ ಸಂಜೆಯಲ್ಲ, ಮೇ ತಿಂಗಳಲ್ಲೇ. ವೋಲ್ಟು ಜಾಸ್ತಿ ಇಟ್ಟಿದ್ದರಿಂದ ಮನೆಯ ಕರೆಂಟು ಸುಮ್ಮನಿದ್ದು, ಮೊದಲ ದಿನದಿಂದಲೇ ಬ್ಯಾಟರಿಯೊಂದೇ ಹಲಗೆಯನ್ನು ಸಾಕಿತ್ತು. ಕೆಲವೇ ದಿನಗಳಲ್ಲಿ ಬರಿದಾಗಿತ್ತು. ಆಮೇಲೆ ಮನೆಯ ಕರೆಂಟು ತಾನೇ ವಹಿಸಿಕೊಂಡಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಬೇಸಿಗೆಯುದ್ದಕ್ಕೂ ಖಾಲಿ ಬ್ಯಾಟರಿಯನ್ನು ನಂಬಿಕೊಂಡು ಅವನು ಹಕ್ಕಿ ಹಾರಿಸಿದ್ದ. ಒಂದು ಚೂರು ಕಮ್ಮಿ ಇಟ್ಟಿದೀನಿ ಎಂದು ಕೂಮ ಅಂದದ್ದು ಯಾಕೆಂದು ಆಗ ಹೊಳೆಯಿತು. ಗೂಡಿನ ನೆಲದ ಮೇಲೆ, ಒಣಗಿದ ಹಿಕ್ಕೆಯ ನಡುವೆ, ಸಂಜೆಯವರೆಗೂ ಕೂತಿದ್ದ.

ಹೋಗಿ ಹೇಳಬಹುದಿತ್ತು. ಗೊತ್ತಿತ್ತು ಅವನಿಗೆ. ಆದರೆ ನವೆಂಬರಿನಲ್ಲಿ ಮನೆಯನ್ನು ಕಾಯುವ ಸಂತನ ಹಬ್ಬ ಬರಲಿದೆಯಲ್ಲ, ಆಗ ಕೂಮ ಬಂದೇ ಬರುತ್ತಾನೆ ಎಂದುಕೊಂಡ. ನಮ್ಮಲ್ಲಿ ಆ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬರುವವರು ತಾವಾಗಿ ಬರುತ್ತಾರೆ, ಬಂದವರಿಗೆ ಬಾಗಿಲು ತೆರೆದಿರುತ್ತದೆ. ಕರೆದರೆ ಹಬ್ಬಕ್ಕೇ ಅಪಮಾನ. ಸ್ತಾನಿಕಾ ಎಲೆಕೋಸಿನ ಸುರುಳಿ ಬೇಯಿಸಿದಳು, ಸಿಹಿ ಗೋಧಿ ಮಾಡಿದಳು, ದೊಡ್ಡ ಮೇಣದ ಬತ್ತಿ ಹಚ್ಚಿದರು. ಕೂಮನ ಕುರ್ಚಿ ಗೋಡೆಯ ಬದಿಗೆ ಇತ್ತು. ಪ್ರತಿ ಸಲ ಬಾಗಿಲು ಸದ್ದಾದಾಗ ಮಿಲಿಸಾವ್ ಎದ್ದು ನಿಂತ. ಬತ್ತಿ ಆರಿಸುವ ಹೊತ್ತಿಗೂ ಆ ಕುರ್ಚಿ ಖಾಲಿಯೇ ಉಳಿಯಿತು. ವೈರು ಎಸೆಸಿಕೊಂಡು, ಬಡಿದ ಗೋಡೆಯಿಂದ ಉತ್ತರ ಸಿಗದೆ ಹಿಂದಿರುಗಿದವನು ಯಾವ ಮುಖ ಹೊತ್ತು ಬರಬೇಕಿತ್ತು? ಇದನ್ನು ಮಿಲಿಸಾವ್ ಆ ದಿನ ಯೋಚಿಸಲಿಲ್ಲ. “ನೋಡ್ದ್ಯಾ, ಬರ್ಲಿಲ್ಲ,” ಎಂದಷ್ಟೇ ಅಂದ.

ಚಳಿಗಾಲವೆಲ್ಲ ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು. ಫೆಬ್ರವರಿಯಲ್ಲಿ ಅದು ನಿಂತಿತು. ವಾಸಿಯಾಗಿರಬೇಕು ಎಂದುಕೊಂಡು ಮಿಲಿಸಾವ್ ಬ್ರೆಡ್ಡು ತರಲು ಹೊರಟರೆ, ಮೂಲೆಯ ಕಂಬದ ಮೇಲೆ ಕಪ್ಪು ಅಂಚಿನ ಸಾವಿನ ಚೀಟಿ ಅಂಟಿಸಿತ್ತು. ತಿಹೊಮಿರ್‌ನ ಪಟ, ಯಾವ ಕಾಲದ್ದೋ, ಮೀಸೆ ಕಪ್ಪಗಿದ್ದಾಗಿನದು. ಕೆಳಗೆ ದುಃಖಿಸುವವರ ಹೆಸರುಗಳಲ್ಲಿ ಹೆಂಡತಿ, ಮಗಳ ನಂತರ “ಕೂಮ ಮಿಲಿಸಾವ್ ಮತ್ತು ಸಂಸಾರ” ಎಂದಿತ್ತು. ಬ್ರೆಡ್ಡು ತರದೆ ಮನೆಗೆ ಬಂದ. ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಹಿಂದೆ ನಿಂತ. ತಿಹೊಮಿರ್‌ನ ಹೆಂಡತಿ ಲೆಪಾ ಬಂದು ಅವನ ತೋಳು ಹಿಡಿದು ಮುಂದಕ್ಕೆ, ಕೂಮ ನಿಲ್ಲಬೇಕಾದ ಜಾಗಕ್ಕೆ, ಎಳೆದುಕೊಂಡು ಹೋದಳು.

ಏಪ್ರಿಲಿನಲ್ಲಿ ಲೆಪಾ ಮನೆ ಮಾರಿ ಮಗಳ ಊರಿಗೆ ಹೊರಟಳು. ಹಿಂದಿನ ದಿನ ಮಧ್ಯಾಹ್ನ ಗೋಡೆಯ ಮೇಲೆ ಟಕಟಕ ಸದ್ದಾಯಿತು. ಮಿಲಿಸಾವ್ ಊಟದ ತಟ್ಟೆ ಬಿಟ್ಟು ಹಿತ್ತಿಲಿಗೆ ಓಡಿದ.

“ಕೂಮಾ, ಬಂದು ಇದನ್ನ ತಗೊಂಡ್ ಹೋಗು,” ಎಂದಳು ಲೆಪಾ ಆಚೆಯಿಂದ. “ನಂಗೆ ಕೀಳೋಕೆ ಧೈರ್ಯ ಇಲ್ಲ.”

ಬೀದಿ ಸುತ್ತಿ ಹೋದ. ಅವರ ಹಿತ್ತಿಲಲ್ಲಿ ಗೋಡೆಯ ಒಂದು ಇಟ್ಟಿಗೆ ತೆಗೆದು ಮಾಡಿದ ಸಣ್ಣ ಪೊಟರೆ. ಅದರಲ್ಲಿ ಮಳೆ ಬೀಳದಂತೆ ಮೊಸರಿನ ಡಬ್ಬಿ ಬೋರಲು ಹಾಕಿತ್ತು. ಎತ್ತಿದರೆ ಅದರಡಿ ಅದೇ ವೈರು, ಅವನೇ ಸುತ್ತಿ ಎಸೆದದ್ದು. ತುದಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿತ್ತು. ಇನ್ನೊಂದು ತುದಿ ಅಡಾಪ್ಟರಿನಲ್ಲಿತ್ತು, ಅದರ ಹಸಿರು ಚುಕ್ಕಿ ಉರಿಯುತ್ತಿತ್ತು. ಮುಟ್ಟಿದ. ಬೆಚ್ಚಗಿತ್ತು.

“ಯಾವಾಗ್ಲಿಂದ?” ಎಂದ.

“ನೀನು ಎಸೆದ ದಿನದಿಂದ್ಲೇ. ಸಿಡಿಲಿದೆ, ತೆಗೀತೀನಿ ಅಂದ್ರೂ ಬಿಡ್ತಿರ್ಲಿಲ್ಲ. ‘ಮಿಲಿಸಾವ್ ಬಾಯಿ ಬಿಟ್ಟು ಕೇಳೋನಲ್ಲ ಲೆಪಾ, ಒಂದಿನ ಸುಮ್ನೆ ಗೋಡೆ ಮೇಲೆ ಕೈ ಚಾಚ್ತಾನೆ. ಆಗ ಕರೆಂಟು ಇಲ್ದೆ ಹೋದ್ರೆ?’ ಅಂತಿದ್ದ.” ಅವಳು ಕೊರಳಿಗೆ ಸುತ್ತಿದ್ದ ಕಪ್ಪು ವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು. “ಆ ಗಾಳಿ ದಿನ ಕುರ್ಚಿ ಹತ್ತಿ ನಿಂತು ಇದರ ತುದೀನ ಎತ್ತಿ ಹಿಡ್ಕೊಂಡಿದ್ದ. ಬಡಿದೂ ಬಡಿದೂ ನನ್ನ ಚಮಚ ಸೊಟ್ಟ ಮಾಡಿದ. ನಿನಗೆ ಗಾಳೀಲಿ ಕೇಳಿಸ್ಲಿಲ್ಲ ಅಂತ ತುಂಬಾ ನೊಂದ್ಕೊಂಡ.”

ಕೇಳಿಸಿತ್ತು ಎನ್ನಲು ಮಿಲಿಸಾವ್‌ಗೆ ಆಗಲಿಲ್ಲ. ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

“ಇವತ್ತೊಂದು ದಿನ ಇರ್ಲಿ ಲೆಪಾ,” ಎಂದ. “ನಾಳೆ ನೀನು ಹೊರಡೋ ಮುಂಚೆ ತೆಗೀತೀನಿ.”

ಗೋಡೆಯ ಮೇಲಿಂದ ತುದಿಯನ್ನು ಈಚೆಗೆ ಇಳಿಸಿ ತನ್ನ ಮನೆಗೆ ಬಂದ. ಪೆಟ್ಟಿಗೆಯಲ್ಲಿ ಹುಡುಕಿ ಹೊಸ ಡಯೋಡೊಂದನ್ನು ತೆಗೆದ. ಅಷ್ಟು ಸಣ್ಣದನ್ನು ಹಿಡಿಯಲು ಸೊಟ್ಟ ಬೆರಳು ಅಡ್ಡ ಬರುತ್ತಿತ್ತು. ಕೂಮ ಮಾಡಿದ್ದ ಜಾಗದಲ್ಲೇ, ಅವನು ಮಾಡಿದ್ದ ದಿಕ್ಕಿಗೇ ಬೆಸೆದ. ಖಾಲಿ ಗೂಡಿನ ಸೂರಿನಡಿ ಧೂಳು ಹಿಡಿದಿದ್ದ ಹಲಗೆಯನ್ನು ಒರೆಸಿ ಎರಡೂ ವೈರು ಸಿಕ್ಕಿಸಿದ. ಮಬ್ಬಾದ ಮೇಲೆ ಬಿಳಿ ದೀಪದ ಸಾಲು ತಾನೇ ಹೊತ್ತಿಕೊಂಡಿತು. ಬೀದಿಯಲ್ಲಿ ಯಾರೋ ಅದನ್ನು ಕಂಡು, ಮಿಲಿಸಾವ್ ಮತ್ತೆ ಹಕ್ಕಿ ತಂದಿರಬೇಕು ಎಂದುಕೊಂಡು ತಮ್ಮ ಅಂಗಳದ ದೀಪ ಆರಿಸಿದರು. ಅವರನ್ನು ನೋಡಿ ಪಕ್ಕದವರೂ ಆರಿಸಿದರು.

ಈಗ ದೀಪ ಉರಿಯುತ್ತಿದ್ದದ್ದು ಮಿಲಿಸಾವ್‌ನ ಮನೆಯ ಕರೆಂಟಿನಲ್ಲಿ. ಇನ್ನೊಂದು ಸುಮ್ಮನಿತ್ತು. ಅವನು ನಡುಮನೆಗೆ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದ. ಮನೆಯೆಲ್ಲ ಕತ್ತಲಾಯಿತು. ತಡವರಿಸುತ್ತ ಹಿತ್ತಿಲ ಬಾಗಿಲಿಗೆ ಬಂದು ನೋಡಿದ. ಗೂಡಿನ ದೀಪ ಕಣ್ಣು ಕೂಡ ಮಿಟುಕಿಸದೆ ಉರಿಯುತ್ತಿತ್ತು.

ಅಡುಗೆಮನೆಯ ಕತ್ತಲಿಂದ ಸ್ತಾನಿಕಾ ಕೂಗಿದಳು: “ಏನ್ರೀ, ಕರೆಂಟು ಹೋಯ್ತಾ?”

“ನಮ್ದು ಹೋಗಿದೆ,” ಎಂದ ಮಿಲಿಸಾವ್. “ಕೂಮಂದು ಇದೆ.”